ಕಲ್ಲಬಾವಿ ಸ್ಟೇಷನ್ನಿನ ಸೊಂಡಿಲು

ಮೊನ್ನೆ ಕುಕನೂರಿನ ಸಂತೆಗೆ ಹೋಗಿದ್ದೆ. ಮನೆಗೆ ಒಂದು ಈಳಿಗೆ ಬೇಕಿತ್ತು. ಸಂತೆಯ ಕೊನೆಯಲ್ಲಿ ತಿದಿ ಹಾಕಿಕೊಂಡು ಕುಳಿತಿದ್ದ ಕಮ್ಮಾರ ಕೆಂಪಗೆ ಕಾದ ಕಬ್ಬಿಣವನ್ನು ಕಲ್ಲಿನ ದೋಣಿಯ ನೀರಿಗೆ ಅದ್ದಿದ. ಚುಂಯ್ ಎಂದು ಹಬೆ ಎದ್ದಿತು. ಕಾದ ಕಬ್ಬಿಣ, ಕಲ್ಲಿದ್ದಲು, ನೀರು ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಕೈಗಡಿಯಾರ ನೋಡಿಕೊಂಡೆ. ಬೆಳಗಿನ ಪ್ಯಾಸೆಂಜರ್ ಬರುವ ಹೊತ್ತಾಯಿತೇ ಎಂದು ನೋಡುವ ಹಳೆಯ ಅಭ್ಯಾಸ. ಜೊತೆಗಿದ್ದ ಮೊಮ್ಮಗಳು, "ಯಾರಾದ್ರೂ ಬರೋರು ಅದಾರೇನಜ್ಜಾ?" ಎಂದಳು. ಆ ಗಾಡಿ ನಿಂತು ಎಷ್ಟು ಕಾಲವಾಯಿತು ಎಂದು ಅವಳಿಗೆ ಹೇಗೆ ಹೇಳಲಿ? ಈಳಿಗೆ ಕೊಂಡು ಸುಮ್ಮನೆ ಮನೆಗೆ ಬಂದೆ. ಮನಸ್ಸು ಮಾತ್ರ ಕಲ್ಲಬಾವಿ ಸ್ಟೇಷನ್ನಿನಲ್ಲೇ ಉಳಿಯಿತು.

ನಾನು ಮಠದ ಉಚಿತ ಪ್ರಸಾದ ನಿಲಯದಲ್ಲಿ ಬೆಳೆದವನು. ಅಲ್ಲಿ ಏಳುವುದಕ್ಕೂ ಗಂಟೆ, ಮೀಯುವುದಕ್ಕೂ ಗಂಟೆ, ಓದುವುದಕ್ಕೂ ಗಂಟೆ. ಊಟದ ಎರಡನೆಯ ಗಂಟೆಗೆ ತಾಟು ಹಿಡಿದು ಬರದವನಿಗೆ ಮೂರನೆಯ ಗಂಟೆ ಇರುತ್ತಿರಲಿಲ್ಲ. ಹಾಗೆ ಬೆಳೆದವನಿಗೆ ರೈಲ್ವೆಯ ನೌಕರಿ ಹೊಸದೆನಿಸಲಿಲ್ಲ. ಯುದ್ಧದ ನಡುವಿನ ಒಂದು ಬೇಸಿಗೆಯಲ್ಲಿ ನನ್ನನ್ನು ಕೊಪ್ಪಳ ಮತ್ತು ಗದಗಿನ ನಡುವಿನ ಕಲ್ಲಬಾವಿಗೆ ಸಣ್ಣ ಸ್ಟೇಷನ್ ಮಾಸ್ತರನನ್ನಾಗಿ ಕಳಿಸಿದರು. ದೊಡ್ಡ ಮಾಸ್ತರರನ್ನು ಯುದ್ಧದ ಸಾಮಾನು ಸಾಗಿಸುವ ಕೆಲಸಕ್ಕೆ ಬೇರೆ ಕಡೆ ಕರೆಸಿಕೊಂಡಿದ್ದರು. ರಾತ್ರಿ ಪಾಳಿಗೆ ಇನ್ನೊಬ್ಬರಿದ್ದರು, ಅವರ ಸುದ್ದಿ ಇಲ್ಲಿ ಬೇಡ. ಹಗಲಿನ ಸ್ಟೇಷನ್ ಪೂರ್ತಿ ನನ್ನ ಕೈಗೆ ಬಂತು. ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಕರಿಗಲ್ಲಿನ ಹಳೆಯ ಕಟ್ಟಡ. ಹಳಿ ಹಾಕಿದ ಕಾಲದಲ್ಲಿ ಕಟ್ಟಿದ್ದು. ಎದುರಿಗೆ ಒಂದು ಬೇವಿನ ಮರ, ಅದನ್ನು ಬಿಟ್ಟರೆ ಕಣ್ಣು ಹಾಯುವವರೆಗೆ ಬಾಯಿಬಿಟ್ಟ ಎರೆಭೂಮಿ. ಹತ್ತಿಯ ಕಡ್ಡಿ ಕಿತ್ತ ಹೊಲಗಳಲ್ಲಿ ಮಧ್ಯಾಹ್ನ ಸುಳಿಗಾಳಿ ಎದ್ದು ಕಸವನ್ನೆಲ್ಲ ಮುಗಿಲಿಗೆ ಒಯ್ಯುತ್ತಿತ್ತು. ಬಿಸಿಲಿಗೆ ಹಳಿಗಳು ದೂರದಲ್ಲಿ ನೀರಿನಂತೆ ಹೊಳೆಯುತ್ತಿದ್ದವು. ನಿಜವಾದ ನೀರು ಇದ್ದುದು ಒಂದೇ ಕಡೆ. ಹಳಿ ಹಾಕಿದವರು ಬಂಡೆ ಒಡೆದು ತೋಡಿದ ಆಳವಾದ ಬಾವಿಯಲ್ಲಿ. ಸುತ್ತಲಿನ ನೆಲವೆಲ್ಲ ಸವಳು, ಅಲ್ಲಿ ಮಾತ್ರ ಸಿಹಿನೀರು ಸಿಕ್ಕಿತ್ತು. ಅದಕ್ಕಾಗಿಯೇ ಅಲ್ಲೊಂದು ಸ್ಟೇಷನ್ ಆಯಿತು. ಪಂಪಿನಿಂದ ನೀರೆತ್ತಿ ಕಲ್ಲಿನ ಕಟ್ಟೆಯ ಮೇಲಿನ ಕಬ್ಬಿಣದ ಟಾಕಿ ತುಂಬಿಸುತ್ತಿದ್ದರು. ಟಾಕಿಯಿಂದ ಒಂದು ಕೊಳವೆ ಹಳಿಯ ಪಕ್ಕದ ಕಂಬಕ್ಕೆ ಬರುತ್ತಿತ್ತು. ಆ ಕಂಬಕ್ಕೆ ತೊಗಲಿನ ಉದ್ದನೆಯ ಚೀಲದಂಥ ಬಾಯಿ. ಊರವರು ಅದನ್ನು ಸೊಂಡಿಲು ಎನ್ನುತ್ತಿದ್ದರು. ಬೆಳಗಿನ ಪ್ಯಾಸೆಂಜರಿನ ಇಂಜಿನ್ನು ಹೊಸಪೇಟೆಯ ಕಡೆಯಿಂದ ಬಂದು, ಅಲ್ಲಿ ನಿಂತು, ಸೊಂಡಿಲಿನಿಂದ ನೀರು ಕುಡಿದು ಗದಗಿಗೆ ಹೋಗುತ್ತಿತ್ತು. ಸಂಜೆ ಮರಳುವ ಗಾಡಿ ಗದಗಿನಲ್ಲೇ ತುಂಬಿಕೊಂಡು ಬರುತ್ತಿತ್ತು. ಇಂಜಿನ್ನು ಬಂದಾಗಲ್ಲದೆ ನೀರು ಬಿಡುವ ಕಂಬದ ಚಕ್ರ ತಿರುಗಿಸಬಾರದು ಎಂಬುದು ನಿಯಮ; ಊರವರಿಗೂ ಆ ಹೊತ್ತಿನಲ್ಲೇ ನೀರು.

ಮೊದಲ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹಸಿರು ಬಾವುಟ ಹಿಡಿದು ನಿಂತೆ. ಗಾಡಿ ವೇಳೆಗೆ ಸರಿಯಾಗಿ ಬಂತು. ಕುಕನೂರಿನ ಹತ್ತಿ ವ್ಯಾಪಾರಿಗಳು, ಗದಗಿನ ದವಾಖಾನೆಗೆ ಹೊರಟವರು, ಬಾಗಿಲಿಗೆ ಜೋತುಬಿದ್ದ ಸಿಪಾಯಿಗಳು, ಎಲ್ಲ ಏರುವುದು ಇಳಿಯುವುದು ಮುಗಿಯಿತು. ಆದರೂ ಗಾಡಿ ಹೊರಡಲಿಲ್ಲ. ಇಂಜಿನ್ನಿನ ಹತ್ತಿರ ಹೋಗಿ ನೋಡಿದರೆ ಸೊಂಡಿಲಿನ ಕೆಳಗೆ ಹೆಂಗಸರ ಸಾಲು. ತಲೆಯ ಮೇಲೆ ಸಿಂಬಿ, ಕಂಕುಳಲ್ಲಿ ಕೊಡ. ಬೆಂಕಿ ಹಾಕುವ ಹುಡುಗ ಸೊಂಡಿಲಿಗೆ ಕೈ ಚಾಚಿದರೆ, ಮುಂದೆ ನಿಂತಿದ್ದ ಎತ್ತರದ ಮುದುಕಿ ಅವನ ಕೈ ಸರಿಸಿದಳು.

"ಏ ತಮ್ಮಾ, ಕೈ ತಗಿ. ಇನ್ನಾ ಕೊಡಾ ಅದಾವ."

ಡ್ರೈವರ್ ರಂಗಯ್ಯನವರು ಇಂಜಿನ್ನಿನ ಮೆಟ್ಟಿಲ ಮೇಲೆ ಕುಳಿತು ಬೀಡಿ ಸೇದುತ್ತಿದ್ದರು. ಗುಂತಕಲ್ಲಿನ ತೆಲುಗು ಮನುಷ್ಯ. ಈ ಲೈನಿನಲ್ಲಿ ಓಡಾಡಿ ಕನ್ನಡ ಕಲಿತವರು.

"ಏನ್ರಿ ರಂಗಯ್ಯನವರ, ಗಾಡಿ ಹೊತ್ತಾತು," ಎಂದೆ.

"ನಾನೇಂ ಮಾಡಾಲಿ ಮಾಸ್ತರುಗಾರೂ? ನನ್ನ ಇಂಜಿನ್ ಬಾಯಿ ಇಟ್ಟರೆ ನೀರು ಎಂಜಲಂತೆ. ಇವರೆಲ್ಲಾ ತುಂಬಿಕೊಂಡ ಮೇಲೇ ನಾವು ಕುಡೀಬೇಕು. ಈ ಅವ್ವನ ಮುಂದೆ ನಾನು ಡ್ರೈವರ್ ಅಲ್ಲ, ಎತ್ತಿಗೆ ನೀರು ಕುಡಿಸೋಕೆ ಬಂದ ಆಳು."

ಮುದುಕಿಯ ಹೆಸರು ಹುಲಿಗೆವ್ವ, ಊರಿಗೆಲ್ಲ ಅತ್ತಿ. ಆ ಸಾಲು ಅವಳ ಮಾತಿನಲ್ಲಿ ನಡೆಯುತ್ತಿತ್ತು. ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ನೆಂಟರು ಎಂದು ತಿಳಿದು ಅದರಂತೆ ಹಿಂದೆ ಮುಂದೆ ನಿಲ್ಲಿಸುತ್ತಿದ್ದಳು. ನಾನು ಕಟುವಾಗಿ ಹೇಳಿದೆ: "ಯವ್ವಾ, ಮೊದಲ ಇಂಜಿನ್ ಕುಡೀಲಿ. ಆಮ್ಯಾಲ ನೀವು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೊಸಾ ಮಾಸ್ತರ, ನಿಮ್ಮ ಮನ್ಯಾಗ ಉಣ್ಣಾಕ ಕುಂತವರ ತಾಟಿನ್ಯಾಗಿಂದು ತಗದು ಮಂದಿಗೆ ಬಡಿಸ್ತಾರೇನ್ರಿ?"

"ಅದು ಇಂಜಿನ್ ಐತಿ. ಮನುಷ್ಯಾ ಅಲ್ಲ."

"ಮನುಷ್ಯಾ ಅಲ್ಲಂದ್ರ ದಿನಾ ಯಾಕ ಕುಡೀತೈತಿ? ಕುಡದು ಯಾಕ ಒದರತೈತಿ?"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗಾಡಿ ತಡವಾಗಿ ಹೊರಟಿತು. ಮರುದಿನವೂ ಹಾಗೆಯೇ ಆಯಿತು.

ಅದೇ ವಾರ ಹುಬ್ಬಳ್ಳಿಯ ಕಚೇರಿಯಿಂದ ನನಗೆ ತಾಕೀತು ಬಂತು. ಕಲ್ಲಬಾವಿಯಲ್ಲಿ ಪ್ಯಾಸೆಂಜರ್ ದಿನಾ ಹೊತ್ತು ಕಳೆಯುತ್ತಿದೆ, ಒಂಟಿ ಹಳಿಯಾದ್ದರಿಂದ ಹಿಂದೆ ಬರುವ ಮಿಲಿಟರಿ ಗಾಡಿಗಳು ಕೊಪ್ಪಳದಲ್ಲಿ ಕಾಯುತ್ತಿವೆ, ಕೂಡಲೇ ಸರಿಪಡಿಸಬೇಕು ಎಂದು. ನಾನು ಕಂಬದ ಸುತ್ತ ಗೂಟ ಬಡಿಸಿ ಹಗ್ಗ ಕಟ್ಟಿಸಿದೆ. ಹಗ್ಗ ನೋಡಿದ ಹುಲಿಗೆವ್ವ ಕೊಡವನ್ನು ಬೋರಲು ಹಾಕಿ ಗಾಡಿ ಹೋಗುವ ತನಕ ಬೇವಿನ ಕೆಳಗೆ ಕುಳಿತಳು. ಆಮೇಲೆ ಎಲ್ಲರೂ ಖಾಲಿ ಕೊಡ ಹೊತ್ತು ಊರಿಗೆ ಹೋದರು. ಗಾಡಿ ವೇಳೆಗೆ ಹೊರಟಿತ್ತು. ನನಗೆ ಆನಂದವೇ ಆಯಿತು.

ಪಂಪು ನಡೆಸುವ ಹುಸೇನಸಾಬನಿಗೆ ಆನಂದವಾಗಲಿಲ್ಲ. ವಯಸ್ಸಾದ ಮೆತ್ತಗಿನ ಮನುಷ್ಯ. ಕೆಲವು ದಿನ ಕಳೆದ ಮೇಲೆ, ಸಂಜೆಯ ಗಾಡಿ ಹೋದ ನಂತರ, "ಬರ್ರಿ ಮಾಸ್ತರ, ಊರಾಗ ಒಂದು ಸುತ್ತ ಹಾಕ್ಕೊಂಡು ಬರೂಣು," ಎಂದ.

ಮೊದಲು ಊರ ಹಳೆಯ ಬಾವಿಗೆ ಕರೆದೊಯ್ದ. ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟು ತುಂಬಬೇಕಾದ ಬಾವಿ. ನಾನು ಕಂಡ ಅದೇ ಹೆಂಗಸರು ಮೊಣಕಾಲುದ್ದ ಹಸಿರು ನೀರಿನಲ್ಲಿ ನಿಂತು, ಪಾಚಿ ಸರಿಸಿ, ಸೆರಗಿನಲ್ಲಿ ಸೋಸಿ ಕೊಡ ತುಂಬುತ್ತಿದ್ದರು.

ಅಲ್ಲಿಂದ ಹುಲಿಗೆವ್ವನ ಮನೆ. ಕಟ್ಟೆಯ ಮೇಲೆ ಅವಳ ಮಗ ಬಸಪ್ಪ ಕಾಲು ಚಾಚಿ ಕುಳಿತಿದ್ದ. ಹುಲಿಗೆವ್ವ ಅವನ ಕಾಲ ಮೇಲೆ ಬಗ್ಗಿದ್ದಳು. ಮೀನಖಂಡದ ಹುಣ್ಣಿನಿಂದ ಬಿಳಿಯ ದಾರದಂಥದೊಂದು ಹೊರಗೆ ಬಂದಿತ್ತು. ಅದನ್ನು ಅವಳು ಒಂದು ಸಣ್ಣ ಕಡ್ಡಿಗೆ ಸುತ್ತುತ್ತಿದ್ದಳು, ಬಹಳ ನಿಧಾನವಾಗಿ. ಬಸಪ್ಪನ ಹಣೆಯಿಂದ ಬೆವರು ಇಳಿಯುತ್ತಿತ್ತು. ನಾರುಹುಣ್ಣು. ಕೆಟ್ಟ ನೀರಿನಲ್ಲಿ ಹೊಟ್ಟೆ ಸೇರಿದ ಹುಳ ವರ್ಷದ ಮೇಲೆ ಕಾಲಿನಲ್ಲಿ ಹೊರಬೀಳುವ ರೋಗ. ಹೆಸರು ಕೇಳಿದ್ದೆ. ಕಣ್ಣಿಂದ ನೋಡಿದ್ದು ಅದೇ ಮೊದಲು.

"ಜಗ್ಗಿದ್ರ ಹರೀತೈತ್ರಿ, ಹರದ್ರ ಕಾಲು ಕೊಳೀತೈತಿ," ಎಂದಳು ತಲೆಯೆತ್ತದೆ. "ದಿನಾ ಇಷ್ಟಿಷ್ಟ ಸುತ್ತಬೇಕು. ಹೊತ್ತಿಗೆ ಸರಿಯಾಗಿ."

"ಇದು ಹ್ಯಾಂಗ ಬಂತು?"

ಬಸಪ್ಪನೇ ಹೇಳಿದ: "ಹ್ವಾದ ಬ್ಯಾಸಗಿಗೆ ಕುಷ್ಟಗಿ ಕಡೆ ಕೂಲಿಗೆ ಹೋಗಿದ್ನಿರಿ. ಅಲ್ಲಿ ಬಾವಿ ನೀರ ಕುಡದೆ."

"ಇವರಪ್ಪ ಇದರಾಗ ಸತ್ತ್ರಿ," ಎಂದಳು ಹುಲಿಗೆವ್ವ. "ಸ್ಟೇಷನ್ ನೀರ ಕುಡ್ಯಾಕ ಹತ್ತಿದ ಮ್ಯಾಲ ಊರಾಗ ಇದ್ದವರ ಯಾರ ಕಾಲಾಗೂ ನಾರು ಬಂದಿಲ್ಲ. ಸೊಸಿ ನೀಲವ್ವ ಬಸರದಾಳ. ಆಕಿಗೆ ಈಗ ಆ ಬಾವಿ ನೀರ ಕುಡಸೀನಿ. ಮುಂದಿನ ವರ್ಷ ಕೂಸು ಎತ್ತಿಕೊಂಡು ಎದ್ದು ಅಡ್ಡಾಡತಾಳೋ, ಹಿಂಗ ಕಾಲು ಚಾಚಿ ಕುಂದರತಾಳೋ ನೋಡಬೇಕು."

ಬಾಗಿಲ ಹಿಂದೆ ಬಳೆ ಸದ್ದಾಯಿತು. ನೀಲವ್ವ ಅಲ್ಲೇ ನಿಂತು ಕೇಳುತ್ತಿದ್ದಳು.

"ಹಂಗಂದ್ರ ಇಂಜಿನ್ ಕುಡದ ಮ್ಯಾಲ ತುಂಬಿಕೊಳ್ರಿ. ನಾನೇನ ಬ್ಯಾಡ ಅನ್ನೂದಿಲ್ಲ," ಎಂದೆ.

ಅವಳು ಆಗ ತಲೆಯೆತ್ತಿದಳು. "ಎಂಜಲಾ ಬಸುರಿಗೆ ಹ್ಯಾಂಗ ಕುಡಸಲಿ ಮಾಸ್ತರ? ನಮ್ಮ ಹಿರ್ಯಾರು ಹಂಗ ನಡದಿಲ್ರಿ."

ಎರಡನೆಯ ಗಂಟೆಗೆ ಬರದಿದ್ದರೆ ಉಪವಾಸ ಮಲಗು ಎಂದು ಕಲಿತವನು ನಾನು. ನಿಯಮ ಎಂದರೆ ಏನೆಂದು ನನಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಕಡ್ಡಿಗೆ ಹುಳ ಸುತ್ತುತ್ತಿದ್ದ ಆ ಕೈಯ ತಾಳ್ಮೆ ನೋಡಿದರೆ ಇವಳೂ ನಮ್ಮ ಮಠದಲ್ಲೇ ಬೆಳೆದಂತಿದ್ದಳು. ಮರುದಿನ ಬೆಳಿಗ್ಗೆ ನಾನೇ ಹಗ್ಗ ಬಿಚ್ಚಿದೆ. ಹೆಂಗಸರು ಬಂದರು, ಮೊದಲಿನಂತೆ ಇಂಜಿನ್ನಿಗಿಂತ ಮುಂಚೆ ತುಂಬಿಕೊಂಡರು. ಗಾಡಿ ತಡವಾಯಿತು. ಆಗಲಿ ಎಂದುಕೊಂಡೆ.

ಆಗಲಿ ಎನ್ನಲು ಹುಬ್ಬಳ್ಳಿಯವರು ತಯಾರಿರಲಿಲ್ಲ. ಇನ್ಸ್‌ಪೆಕ್ಟರ್ ಸಾಹೇಬರು ಒಂದು ದಿನ ಅದೇ ಪ್ಯಾಸೆಂಜರಿನಿಂದ ಇಳಿದರು. ಧಾರವಾಡದ ಕಡೆಯವರು, ತಲೆಗೆ ಜರಿ ರುಮಾಲು. ಕೈಯಲ್ಲಿ ಗಡಿಯಾರ ಹಿಡಿದು ಬೇವಿನ ಕೆಳಗೆ ನಿಂತು ಕೊಡ ತುಂಬುವುದನ್ನೂ ಇಂಜಿನ್ನು ಕಾಯುವುದನ್ನೂ ನೋಡಿದರು. ಗಾಡಿ ಹೋದಮೇಲೆ ಒಳಗೆ ಬಂದು ಕುಳಿತರು. ಹುಸೇನಸಾಬ ಚಹಾ ತಂದುಕೊಟ್ಟ.

"ತಮ್ಮಾ, ಈ ಪಂಪ್ ಕಿತ್ತು ಬ್ಯಾರೆ ಕಡೆ ಒಯ್ಯಬೇಕಂತ ಮಾತು ನಡದದ," ಎಂದರು. "ಲಡಾಯಿ ಕಾಲ, ಹೊಸಾ ಪಂಪ್ ಸಿಗಂಗಿಲ್ಲ. ಇಂಜಿನ್ ಕೊಪ್ಪಳದಾಗ ನೀರ ತುಂಬಿಕೊಂಡು ನೆಟ್ಟಗ ಹೋಗತದ. ಇಲ್ಲಿ ನಿಂದರೂದ ಬ್ಯಾಡ."

ನಾನು ಬಸಪ್ಪನ ಕಾಲಿನ ಸುದ್ದಿ ಹೇಳಿದೆ. ಹಸಿರು ಬಾವಿಯ ಸುದ್ದಿ ಹೇಳಿದೆ. ಸಾಹೇಬರು ಚಹಾ ಬದಿಗಿಟ್ಟು, ಧೋತರದ ಅಂಚು ಸ್ವಲ್ಪ ಸರಿಸಿದರು. ಕಾಲಿನ ಹರಡಿನ ಮೇಲೆ ಹಳೆಯ ಗುಳಿಬಿದ್ದ ಕಲೆ.

"ನನಗೂ ಬಂದಿತ್ತು, ಸಣ್ಣಾಂವಿದ್ದಾಗ. ಅದರ ಬ್ಯಾನಿ ನೀ ಹೇಳೂದು ಬ್ಯಾಡ." ಅಂಚು ಕೆಳಗೆ ಬಿಟ್ಟರು. "ಆದರ ಗಾಡಿ ನಿಲ್ಲಸಿ ನೀರ ಕೊಡು ಅನ್ನಾಕ ನನಗ ಬರೂದಿಲ್ಲ. ಒಂದು ಮಾತು ಹೇಳತೇನಿ. ಇಂಜಿನ್ ಮೊದಲ ಕುಡೀಲಿ, ಗಾಡಿ ವೇಳ್ಯಾಕ್ಕ ಬಿಡಲಿ. ಗಾಡಿ ಮುಂದಿನ ಸ್ಟೇಷನ್ ಮುಟ್ಟಿತು ಅಂತ ನಿನಗ ಸುದ್ದಿ ಬರೂ ತನಕ ಈ ಚಕ್ರಾ ತಿರುವಿ ಇಡು, ಊರವರು ಎಷ್ಟ ಬೇಕಷ್ಟು ತುಂಬಿಕೊಳ್ಳಲಿ. ಮಳಿ ಬೀಳೂತನಕ ನೋಡೂಣು. ಒಂದು ದಿನ ಇವರ ಸಲುವಾಗಿ ಗಾಡಿ ತಡಾ ಆದ್ರ ಪಂಪ್ ಹೋತು ಅಂತ ತಿಳಿ."

ಅವರು ಕೊಟ್ಟದ್ದು ಕಡಿಮೆಯೇನಲ್ಲ. ಮೊದಲಿಗಿಂತ ಹೆಚ್ಚೇ ನೀರು ಸಿಗುತ್ತಿತ್ತು. ಅಡ್ಡವಿದ್ದುದು ಒಂದೇ ಮಾತು: ಇಂಜಿನ್ನು ಬಾಯಿಟ್ಟ ನೀರು. ಸಂಜೆ ಹೋಗಿ ಹುಲಿಗೆವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಕೇಳಿ, "ನೋಡೂಣ್ರಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಕಟ್ಟೆಯ ಮೇಲಿದ್ದ ಗಂಡಸರಲ್ಲಿ ಒಬ್ಬ, "ಅತ್ತಿ ಒಪ್ಪಂಗಿಲ್ರಿ ಮಾಸ್ತರ. ಆಕಿ ನನ್ನ ಮನಿ ನೀರ ಕುಡ್ಯಾಕ ಮೂರು ಸಲ ಕುಲ ಕೇಳ್ಯಾಳ. ಇಂಜಿನ್ನಿಂದು ಯಾವ ಕುಲಾ ಅಂತ ಹೇಳ್ತೀರಿ?" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಹೆಂಗಸರು ಎಂದಿನಂತೆ ಬಂದರು. ಹುಲಿಗೆವ್ವ ಇರಲಿಲ್ಲ. ಅವಳು ತಡ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ದಿನ. ಗಾಡಿ ಬಂತು, ಇಂಜಿನ್ನು ಕಂಬದ ಪಕ್ಕ ನಿಂತಿತು. ಬೆಂಕಿ ಹಾಕುವ ಹುಡುಗ ಸೊಂಡಿಲಿನ ಕಡೆ ನೋಡಿದ, ಹೆಂಗಸರ ಕಡೆ ನೋಡಿದ, ಕೈ ಚಾಚಲಿಲ್ಲ. ರಂಗಯ್ಯನವರು ಬೀಡಿ ಹಚ್ಚುವುದನ್ನು ಮರೆತು ಕಡ್ಡಿ ಹಿಡಿದುಕೊಂಡೇ ನಿಂತಿದ್ದರು. ಆಗ ಅವಳು ಹೊಲದ ಕಾಲುದಾರಿಯಲ್ಲಿ ಬರುವುದು ಕಂಡಿತು. ಹಿಂದೆ ದೊಡ್ಡ ಹೊಟ್ಟೆಯ ನೀಲವ್ವ.

"ಯಾಕ ನಿಂತೀದಿ ತಮ್ಮಾ?" ಎಂದು ಹುಲಿಗೆವ್ವ ಹುಡುಗನನ್ನು ಗದರಿಸಿದಳು. "ಕುಡಸು ಅದಕ್ಕ!"

ಇಂಜಿನ್ನು ಕುಡಿಯಿತು. ನಾನು ಬಾವುಟ ಬೀಸಿದೆ. ಗಾಡಿ ವೇಳೆಗೆ ಸರಿಯಾಗಿ ಹೊರಟಿತು. ಕೊನೆಯ ಡಬ್ಬಿ ದಾಟಿ ಹೋದಮೇಲೆ ಇಡೀ ಸ್ಟೇಷನ್ನಿನಲ್ಲಿ ಸೊಂಡಿಲಿನಿಂದ ತೊಟ್ಟಿಕ್ಕುವ ನೀರಿನದೊಂದೇ ಸದ್ದು. ಹನಿಗಳಲ್ಲಿ ಮಸಿಯ ಕಪ್ಪು ಇತ್ತು. ಯಾರೂ ಮುಂದೆ ಬರಲಿಲ್ಲ.

"ಬಿಡಲೇನಬೇ? ಬಂದ್ ಮಾಡಲೇನ?" ಎಂದು ಹುಸೇನಸಾಬ ಚಕ್ರದ ಮೇಲೆ ಕೈಯಿಟ್ಟು ಕೇಳಿದ.

ಹುಲಿಗೆವ್ವ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ತೆಂಗಿನ ನಾರು ತೆಗೆದಳು. ಸೆರಗಿನ ಗಂಟಿನಲ್ಲಿ ಒಲೆಯ ಬೂದಿ ತಂದಿದ್ದಳು. ತಾಮ್ರದ ಕೊಡ ತಿಕ್ಕುವ ಹಾಗೆ ಸೊಂಡಿಲಿನ ಬಾಯನ್ನು ಒಳಗೂ ಹೊರಗೂ ತಿಕ್ಕಿದಳು. "ಹೂಂ, ಬಿಡಪಾ," ಎಂದಳು. ನೀರು ಧೋ ಎಂದು ಬಿತ್ತು. ಬೂದಿ ಹರಿದುಹೋಯಿತು. ಅವಳು ಕೊಡ ಹಿಡಿದಳು.

ಸಾಲಿನಲ್ಲಿದ್ದ ಶಾಂತವ್ವ ಎಂಬಾಕೆಗೆ ತಡೆಯಲಾಗಲಿಲ್ಲ. "ಅತ್ತೀ, ತಿಕ್ಕಿದ್ರ ಎಂಜಲಾ ಹೋಗತೈತೇನ?"

"ಶಾಂತವ್ವಾ, ಇವತ್ತ ಹಾಲು ಹಿಂಡೀಯೇನ?"

"ಹಿಂಡೀನಿ."

"ಮೊದಲ ಕರಾ ಬಿಟ್ಟಿದ್ದೇನ?"

"ಕರಾ ಬಿಡದ ಆಕಳಾ ಹಾಲು ಕೊಡತೈತೇನ ಅತ್ತೀ? ಎಂಥಾದು ಕೇಳತೀ!"

"ಮತ್ತ ಕರಾ ಬಾಯಿ ಹಚ್ಚಿದ ಮೊಲಿ ತೊಳದು, ಅದೇ ಹಾಲ ಹಿಂಡಿ, ನಿನ್ನ ಗಂಡಗ ಕುಡಿಸಿ ಬಂದೀಯಲ್ಲ. ಅದು ಎಂಜಲ ಅಲ್ಲೇನ?"

ಹುಲಿಗೆವ್ವ ಟಾಕಿಯ ಕಡೆ ಕೈ ಮಾಡಿದಳು. "ಅದು ಆಕಳಾ. ಈಗ ಒದರಿಕೋತ ಹೋತಲ್ಲ, ಅದು ಕರಾ. ಕರಾ ಕುಡದು ಹೋಗೇತಿ. ಇನ್ನ ನಮ್ಮ ಪಾಳಿ. ನಾನೂ ಬೆಳಿಗ್ಗೆ ಹಾಲು ಹಿಂಡಾಕ ಕುಂತಾಗನ ನನಗ ಇದು ತಿಳೀತು. ಅದಕ್ಕ ತಡಾ ಆತು."

ಬೊಗಸೆ ಹಿಡಿದು ಮೊದಲು ತಾನು ಕುಡಿದಳು. ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಿದ್ದಳು. ನಿನ್ನೆಯವರೆಗಿನ ಬದುಕನ್ನು ಅವಳು ಆ ಬೊಗಸೆಯ ಜೊತೆ ನುಂಗಿದಳೆಂದು ನನಗೆ ಈಗ ಅನಿಸುತ್ತದೆ. ಆಗ ನಾನು ನೋಡಿದ್ದು ನೀಲವ್ವನನ್ನು. ಅತ್ತೆ ತಂಬಿಗೆ ತುಂಬಿ ಕೊಟ್ಟಳು, ಅವಳು ನಿಂತ ನಿಲುವಿನಲ್ಲೇ ಪೂರಾ ಕುಡಿದು ತಂಬಿಗೆಯನ್ನು ಮತ್ತೆ ಮುಂದೆ ಹಿಡಿದಳು.

ಆ ಮೇಲೆ ಬೇಸಿಗೆಯೆಲ್ಲ ಹಾಗೆಯೇ ನಡೆಯಿತು. ಗಾಳಿ ಎದ್ದು ಹಳಿ ಮುಚ್ಚಿದ ದಿನ ಗಾಡಿ ತಡವಾಗಿ ಬಂದಿರಬಹುದು. ನಮ್ಮಲ್ಲಿ ಬಂದ ಗಾಡಿ ನೀರಿನ ಸಲುವಾಗಿ ಒಂದು ಗಳಿಗೆಯೂ ಹೆಚ್ಚು ನಿಲ್ಲಲಿಲ್ಲ. ಹುಲಿಗೆವ್ವ ನನಗಿಂತ ಕಟ್ಟುನಿಟ್ಟಾಗಿ ಕಾಯುತ್ತಿದ್ದಳು. ಏರುವವರು ಮೆಲ್ಲಗೆ ಏರಿದರೆ, "ಲಗೂ ಹತ್ರಿ, ಕರಾ ಹಸದೈತಿ!" ಎಂದು ಕೂಗುತ್ತಿದ್ದಳು. ಊರ ಹೆಂಗಸರು ಬೆಳಿಗ್ಗೆ ಬಂದು, "ಕರಾ ಬಂತೇನ್ರಿ ಮಾಸ್ತರ?" ಎಂದೇ ಕೇಳುತ್ತಿದ್ದರು. ರಂಗಯ್ಯನವರಿಗೆ ಇದು ತಿಳಿದ ಮೇಲೆ ಹೊರಡುವಾಗ ಸೀಟಿಯನ್ನು ಅಂಬಾ ಎನ್ನುವ ಹಾಗೆ ಎಳೆದು ಊದುವುದನ್ನು ಕಲಿತರು.

ಕೆಳಗಿನ ಕೇರಿಯ ಹೆಂಗಸರಿಗೆ ಮೊದಲು ಸೊಂಡಿಲಿನ ಹತ್ತಿರ ಜಾಗವಿರಲಿಲ್ಲ. ಹರಿದು ಹೋದ ನೀರು ಗುಂಡಿಯಲ್ಲಿ ನಿಂತರೆ ಅದನ್ನು ತುಂಬಿಕೊಳ್ಳುತ್ತಿದ್ದರು. ಈಗ ನೀರು ಬಹಳ ಹೊತ್ತು ಬೀಳುತ್ತಿದ್ದುದರಿಂದ, ಉಳಿದವರು ಹೋದಮೇಲೆ ಅವರೂ ಸೊಂಡಿಲಿಗೇ ಕೊಡ ಹಿಡಿಯತೊಡಗಿದರು. ಸಾಲು ಒಂದಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಾಲು ಎರಡೇ ಇದ್ದವು. ಗುಂಡಿಯ ನೀರು ಕುಡಿಯುವುದು ಮಾತ್ರ ನಿಂತಿತು.

ನೀಲವ್ವ ಹೆಣ್ಣು ಹಡೆದಳು. ಬಸಪ್ಪನ ಹುಳ ಹರಿಯದೆ ಪೂರ್ತಿ ಹೊರಬಂತು. ಅವನು ಕೋಲು ಹಿಡಿದು ಸ್ಟೇಷನ್ನಿಗೆ ಬಂದು ನನಗೆ ಕಾಲು ತೋರಿಸಿ ಹೋದ. ರೋಹಿಣಿ ಮಳೆ ಎರೆಭೂಮಿಯ ಬಾಯಿ ಮುಚ್ಚಿಸಿತು. ಸಾಹೇಬರಿಂದ ಹೇಳಿಕೆ ಬಂತು: ಪಂಪು ಇದ್ದಲ್ಲೇ ಇರಲಿ. ಅದರ ಬೆನ್ನಿಗೇ ನನ್ನ ವರ್ಗದ ಹುಕುಂ.

ಹೊರಡುವ ದಿನ ಬೆಳಿಗ್ಗೆ ಹುಲಿಗೆವ್ವ ಗಾಡಿ ಬರುವ ಮುಂಚೆಯೇ ಬಂದು ಬುತ್ತಿಯ ಗಂಟು ಕೊಟ್ಟಳು. ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ. "ಮಾಸ್ತರ, ಗಾಡಿ ಬಿಡೂಮುಂದ ನಮಗ್ಯಾರಿಗೂ ಕೈ ಮಾಡಾಕ ಆಗಂಗಿಲ್ಲ ನೋಡ್ರಿ. ನೀರ ಬಿಡೂ ಹೊತ್ತು," ಎಂದಳು. "ಅದು ನೀವ ಮಾಡಿದ ಪದ್ಧತಿ."

"ಬ್ಯಾಡ್ರಿ. ಕೊಡಾ ಹಿಡೀರಿ," ಎಂದೆ.

ಸೂಟ್‌ಕೇಸು ಮೊದಲ ಡಬ್ಬಿಯಲ್ಲಿಟ್ಟು ಇಂಜಿನ್ನಿನ ಹತ್ತಿರ ಹೋದೆ. ಅದು ಕುಡಿಯುತ್ತಿತ್ತು. ಕಾದ ಕಬ್ಬಿಣದ ಮೇಲೆ ನೀರು ಚಿಮ್ಮಿ ಹಬೆ ಏಳುತ್ತಿತ್ತು. ರಂಗಯ್ಯನವರಿಗೆ ಒಂದು ಹೆಮ್ಮೆಯ ಚಟವಿತ್ತು. ಮುಂದಿನ ಸ್ಟೇಷನ್ನಿಗೆ ಹೇಳಿದ ವೇಳೆಗಿಂತ ಮೊದಲೇ ಗಾಡಿ ಮುಟ್ಟಿಸಿ ಅಲ್ಲಿಯ ಮಾಸ್ತರರನ್ನು ಗಾಬರಿಗೊಳಿಸುವುದು. ಮುಟ್ಟಿದ ಸುದ್ದಿ ಬಂದ ಕೂಡಲೇ, ಕೊನೆಯವರ ಕೊಡ ತುಂಬಿರಲಿ ಬಿಡಲಿ, ಇಲ್ಲಿ ಹುಸೇನಸಾಬ ಚಕ್ರ ತಿರುವಿ ನೀರು ನಿಲ್ಲಿಸಬೇಕಿತ್ತು.

"ರಂಗಯ್ಯನವರ, ವೇಳ್ಯಾಕ್ಕ ಮುಟ್ರಿ," ಎಂದೆ. "ಮೊದಲ ಮುಟ್ಟಬ್ಯಾಡ್ರಿ."

ಅವರು ಎರಡನೆಯ ಸಾಲಿನಲ್ಲಿ ದೂರ ನಿಂತಿದ್ದ ಕೆಳಗಿನ ಕೇರಿಯ ಹೆಂಗಸರನ್ನು ನೋಡಿದರು, ನನ್ನನ್ನು ನೋಡಿದರು. "ಸರಿ ಮಾಸ್ತರುಗಾರೂ. ಕರುವಿಗೆ ಹೊಟ್ಟೆ ತುಂಬಿದೆ. ಇವತ್ತಿಂದ ಅದು ಮೆಲ್ಲಗೇ ನಡೀತದೆ."

ಹೊಸ ಮಾಸ್ತರ ಬಾವುಟ ಬೀಸಿದ. ಗಾಡಿ ವೇಳೆಗೆ ಬಿಟ್ಟಿತು. ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಹುಲಿಗೆವ್ವ ಆಗಲೇ ಸೊಂಡಿಲಿನ ಬಾಯಿ ತಿಕ್ಕುತ್ತಿದ್ದಳು.